ಇಲ್ಲದ ಗ್ರಹ, ಇರುವ ಗ್ರಹ

ಸೂರ್ಯನಲ್ಲದ ಬೇರೆ ನಕ್ಷತ್ರಕ್ಕೂ ಗ್ರಹವಿದೆ ಎಂಬ ಮಾತು ಬಹಳ ಮುಂಚೆಯೇ ಕೇಳಿಬಂದ ಊರುಗಳಲ್ಲಿ ನಮ್ಮ ನೆರೆಯ ಮದರಾಸೂ ಒಂದು. ಉರಗಧರ ನಕ್ಷತ್ರಪುಂಜದ ಜೋಡಿ ನಕ್ಷತ್ರವೊಂದರ ಚಲನೆ ಲೆಕ್ಕಕ್ಕೆ ಕೂಡುತ್ತಿಲ್ಲ, ಅಲ್ಲೊಂದು ಗ್ರಹ ಇರಬಹುದು ಎಂದು 1855ರಲ್ಲಿ ಅಲ್ಲಿನ ವೀಕ್ಷಣಾಲಯದ ಕ್ಯಾಪ್ಟನ್ ಜೇಕಬ್ ಬರೆದರು. ಆ ಮಾತು ನಿಲ್ಲಲಿಲ್ಲ. ಆದರೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಬೇರು ಅದೇ ವೀಕ್ಷಣಾಲಯದಲ್ಲಿರುವುದರಿಂದ, ಜೇಕಬ್ ನನಗೆ ಹೊರಗಿನವರು ಅನ್ನಿಸುವುದೇ ಇಲ್ಲ.

ನಾನು ಇವತ್ತು ಬಿಡಿಸಿ ಹೇಳಬೇಕೆಂದಿರುವುದು ಇನ್ನೊಂದು ತಪ್ಪಿನ ಕಥೆ. ಪಲ್ಸಾರ್ ಎಂದರೆ ಸಿಡಿದುಹೋದ ದೊಡ್ಡ ನಕ್ಷತ್ರದ ಉಳಿದ ತಿರುಳು. ಗರಗರನೆ ತಿರುಗುತ್ತಾ ಗಡಿಯಾರದಷ್ಟು ಕರಾರುವಾಕ್ಕಾಗಿ ರೇಡಿಯೋ ಮಿಡಿತ ಕಳಿಸುತ್ತದೆ. ಸುತ್ತ ಗ್ರಹವಿದ್ದರೆ ಅದರ ಸೆಳೆತಕ್ಕೆ ಪಲ್ಸಾರ್ ತುಸು ಅತ್ತಿತ್ತ ಸರಿಯುತ್ತದೆ. ಮಿಡಿತ ಒಮ್ಮೆ ಬೇಗ ಬರುತ್ತದೆ, ಒಮ್ಮೆ ತಡ. 1991ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಲೈನ್ ಮತ್ತು ಸಂಗಡಿಗರು ಇಂಥ ಏರುಪೇರು ಕಂಡು, ಆರು ತಿಂಗಳಿಗೊಂದು ಸುತ್ತು ಹಾಕುವ ಗ್ರಹ ಸಿಕ್ಕಿತೆಂದು ಪ್ರಕಟಿಸಿದರು.

ಆರು ತಿಂಗಳು, ನಮ್ಮ ವರ್ಷದ ಸರಿಯಾಗಿ ಅರ್ಧ! ಲೈನ್ ಮತ್ತೆ ಲೆಕ್ಕಕ್ಕೆ ಕೂತರು. ಪಲ್ಸಾರ್ ಆಕಾಶದಲ್ಲಿರುವ ಜಾಗವನ್ನೇ ಕೊಂಚ ತಪ್ಪಾಗಿ ಹಿಡಿದಿದ್ದರು. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ ಎಂಬುದೂ ಲೆಕ್ಕದಲ್ಲಿ ಸರಿಯಾಗಿ ಸೇರಿರಲಿಲ್ಲ. ಅವರು ಕಂಡದ್ದು ನಮ್ಮ ಭೂಮಿಯ ಓಡಾಟವನ್ನೇ.

1992ರ ಜನವರಿಯಲ್ಲಿ, ಅಮೆರಿಕದ ಅಟ್ಲಾಂಟಾದಲ್ಲಿ ಖಗೋಳಜ್ಞರ ಸಭೆ. ಲೈನ್ ಎದ್ದು ನಿಂತು, ಆ ಗ್ರಹ ಇಲ್ಲ, ತಪ್ಪು ನಮ್ಮದು ಎಂದು ಹೇಳಿ, ಅದು ಹೇಗಾಯಿತೆನ್ನುವುದನ್ನೂ ವಿವರಿಸಿದರು. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಅದೇ ವೇದಿಕೆಗೆ ಆಮೇಲೆ ಬಂದವರು ಪೋಲೆಂಡಿನ ಅಲೆಕ್ಸಾಂಡರ್ ವೊಲ್ಶ್ಚಾನ್. ಪೋರ್ಟೊರಿಕೊದ ಅರೆಸಿಬೋ ದೂರದರ್ಶಕ 1990ರಲ್ಲಿ ದುರಸ್ತಿಯಲ್ಲಿತ್ತು, ಬೇಕಾದತ್ತ ತಿರುಗಿಸುವಂತಿರಲಿಲ್ಲ. ಆ ಬಿಡುವಿನಲ್ಲಿ ಹುಡುಕುತ್ತಿದ್ದಾಗ ಅವರಿಗೆ ಸೆಕೆಂಡಿಗೆ ಸುಮಾರು 160 ಬಾರಿ ತಿರುಗುವ ಪಲ್ಸಾರ್ ಸಿಕ್ಕಿತ್ತು. ಅದರ ಸುತ್ತ ಎರಡು ಗ್ರಹ: ಒಂದರ ಸುತ್ತಿಗೆ ಸುಮಾರು 67 ದಿನ, ಇನ್ನೊಂದಕ್ಕೆ 98. ನಮ್ಮ ವರ್ಷಕ್ಕೂ ಈ ಅಂಕಿಗಳಿಗೂ ನಂಟಿಲ್ಲ. ಲೈನ್ ಎಡವಿದ ಕಡೆ ಇವರು ಕಾಲು ಗಟ್ಟಿ ಊರಿದ್ದರು: ಪಲ್ಸಾರಿನ ಜಾಗವನ್ನು ಖಗೋಳಜ್ಞ ಡೇಲ್ ಫ್ರೇಲ್ ನ್ಯೂ ಮೆಕ್ಸಿಕೊದ ರೇಡಿಯೋ ದೂರದರ್ಶಕಗಳಿಂದ ಬೇರೆಯಾಗಿಯೇ ಅಳೆದುಕೊಟ್ಟಿದ್ದರು.

ಮೊದಲ ಗ್ರಹ ಎಂದಾಗ ಹೆಚ್ಚಿನವರು 1995ರಲ್ಲಿ ಸಿಕ್ಕ 51 ಪೆಗಾಸಿಯ ಗ್ರಹವನ್ನು ಹೆಸರಿಸುತ್ತಾರೆ. ಅದು ಸೂರ್ಯನಂಥ ನಕ್ಷತ್ರದ್ದು, ನೊಬೆಲ್ ಬಂದದ್ದೂ ಅದಕ್ಕೇ. ನನ್ನ ಮಟ್ಟಿಗೆ ಬಾಗಿಲು ತೆರೆದದ್ದು ವೊಲ್ಶ್ಚಾನ್. ಅವರ ಎರಡು ಗ್ರಹಗಳು ಪರಸ್ಪರ ಸೆಳೆಯುವುದರಿಂದ ಮಿಡಿತದಲ್ಲಿ ಇನ್ನೂ ಸೂಕ್ಷ್ಮ ವ್ಯತ್ಯಾಸ ಕಾಣಬೇಕಿತ್ತು. 1994ರಲ್ಲಿ ಅದೂ ಕಂಡಿತು.