ಅಮ್ಮನ ಕಣ್ಣಿಗೆ ಒತ್ತಕ್ಷರ ಕಾಣಬೇಕು

(ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)

ನನ್ನನ್ನು ಇಲ್ಲಿಗೆ ಕರೆದದ್ದು ಭಾಷಣಕ್ಕಲ್ಲ. “ಅಣ್ಣಾ, ಮನೆಗೊಂದು ಟ್ಯಾಬ್ ತಗೋಬೇಕು, ಹತ್ತು ಹದಿನೈದು ಸಾವಿರದೊಳಗೆ ಯಾವುದು ವಾಸಿ?” ಎಂದು ಪ್ರೆಸ್ಸಿಗೆ ಬಂದಾಗಲೆಲ್ಲ ನೀವು ಕೇಳುತ್ತೀರಿ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡಿ ಎಂದು ಸಂಘದ ಹುಡುಗರು ಪಟ್ಟು ಹಿಡಿದರು. ನಾನು ಓದಿದ್ದು ಪಿಯುಸಿ. ಎಂಜಿನಿಯರ್ ಅಲ್ಲ. ಆದರೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡದ ಅಕ್ಷರ ಹಾಳೆಯ ಮೇಲೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡುವುದೇ ನನ್ನ ಹೊಟ್ಟೆಪಾಡು. ಟ್ಯಾಬ್ ಅಂದರೂ ಒಂದು ಹಾಳೆಯೇ, ಬೆಳಕು ಬಿಡುವ ಹಾಳೆ. ಪ್ರೂಫ್ ನೋಡುವ ಕಣ್ಣಿನಿಂದಲೇ ಹೇಳುತ್ತೇನೆ.

ಮೊದಲು ನನ್ನದೊಂದು ಪ್ರಶ್ನೆ. ಟ್ಯಾಬ್ ಯಾರಿಗೆ? “ಮನೆಗೆ” ಅನ್ನುತ್ತೀರಿ. ಆದರೆ ತಂದ ಮೂರನೇ ದಿನಕ್ಕೆ ಅದು ಮನೆಯಲ್ಲಿ ಇಂಗ್ಲಿಷ್ ಬಲ್ಲವನ ಕೈ ಸೇರಿರುತ್ತದೆ. ಕರೆಂಟ್ ಬಿಲ್ ಎಷ್ಟು ಬಂದಿದೆ ಎಂದು ನೋಡಲು ಅಮ್ಮ “ಸ್ವಲ್ಪ ತೆಗೆದುಕೊಡೋ ಮಗಾ” ಎಂದು ಕಾಯಬೇಕು. ಅಜ್ಜ ಪೇಪರ್ ಓದಬೇಕಾದರೆ ಮೊಮ್ಮಗಳು ಶಾಲೆಯಿಂದ ಬರಬೇಕು. ಎಲ್ಲರ ದುಡಿಮೆಯ ಹಣ, ಒಬ್ಬನ ಆಟದ ಸಾಮಾನು! ಇದು ನ್ಯಾಯವೇ? ಆದ್ದರಿಂದ ನನ್ನ ಸೂತ್ರ ಒಂದೇ. ಮನೆಯಲ್ಲಿ ಕನ್ನಡ ಮಾತ್ರ ಓದಬಲ್ಲವರು ಯಾರಿದ್ದಾರೋ ಅವರೇ ಟ್ಯಾಬಿನ ಪರೀಕ್ಷಕರು. ಅವರು ಪಾಸು ಮಾಡಿದ್ದನ್ನು ಕೊಳ್ಳಿ.

ಎರಡು ಹಳೆಯ ಪಾಠ

ಅಗ್ಗದ, ಎಲ್ಲರ ಕೈಗೆಟುಕುವ ಯಂತ್ರ ಎಂಬ ಕನಸು ಹೊಸದಲ್ಲ. ಅದರ ಒಂದು ಬೇರು ನಮ್ಮ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಇಲ್ಲಿನ ಎಂಜಿನಿಯರುಗಳೂ ಕೂಡಿ ಸಿಂಪ್ಯೂಟರ್ ಎಂಬ ಅಂಗೈ ಗಣಕ ರೂಪಿಸಿದರು. 2004ರಲ್ಲಿ ಅದು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ತಯಾರಿಸಿದ್ದು ನಮ್ಮ ಬಿಇಎಲ್. ಇಂಗ್ಲಿಷ್ ಬಾರದವನೂ ಬಳಸಬೇಕು ಎಂಬುದೇ ಅದರ ಆಶಯ. ಆಶಯ ದೊಡ್ಡದಿತ್ತು, ಆದರೆ ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ.

2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ‘ಆಕಾಶ್’ ಟ್ಯಾಬ್ ಬಿಡುಗಡೆ ಮಾಡಿತು. ಬೆಲೆ ಎರಡು ಸಾವಿರ ಚಿಲ್ಲರೆ. 7 ಇಂಚಿನ ಪರದೆ, 256 ಎಂಬಿ ರ‍್ಯಾಮ್. ಪರದೆಯನ್ನು ಮುಟ್ಟಿದರೆ ಸಾಲದು, ಅದುಮಬೇಕಿತ್ತು. ನಿಧಾನ ಎಂಬ ದೂರು ಬೆನ್ನಿಗೇ ಬಂತು. ಬರೀ ಬೆಲೆ ಇಳಿಸಿದರೆ ವಸ್ತು ಮೂಲೆ ಸೇರುತ್ತದೆ. ಅಗ್ಗ ಎಂದರೆ ಕಡಿಮೆ ಕೊಟ್ಟು ತಂದದ್ದಲ್ಲ, ಕೊಟ್ಟ ಹಣಕ್ಕೆ ನಾಲ್ಕು ವರ್ಷ ದುಡಿದದ್ದು.

ದನ ಯಾವುದು, ಧನ ಯಾವುದು

ಈಗ ಪರದೆಗೆ ಬರೋಣ. ಪ್ರೆಸ್ಸಿನಲ್ಲಿ ಫೋಟೋ ಅಚ್ಚಾಗಬೇಕಾದರೆ ಇಂಚಿಗೆ 300 ಚುಕ್ಕಿ ಕೇಳುತ್ತೇವೆ. ಟ್ಯಾಬಿಗೂ ಅದೇ ಲೆಕ್ಕ. 10.1 ಇಂಚಿನ ಟ್ಯಾಬಿನ ಡಬ್ಬಿಯ ಮೇಲೆ 1280 ಬೈ 800 ಎಂದಿದ್ದರೆ ಇಂಚಿಗೆ ಸಿಗುವುದು ಸುಮಾರು 149 ಚುಕ್ಕಿ. 1920 ಬೈ 1200 ಎಂದಿದ್ದರೆ ಸುಮಾರು 224. ಇಂಗ್ಲಿಷಿನ ಎ, ಬಿ, ಸಿ ಮೊದಲನೆಯದರಲ್ಲೂ ನಡೆದುಹೋಗುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ‘ರಾಷ್ಟ್ರ’, ‘ಸ್ತ್ರೀ’ ಎಂಬಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು. ಚುಕ್ಕಿ ಕಡಿಮೆಯಾದರೆ ಸಣ್ಣ ಅಕ್ಷರದ ಒತ್ತು ಮಸಿ ಮೆತ್ತಿದ ಹಾಗೆ ಮುದ್ದೆಯಾಗುತ್ತದೆ. ‘ದ’ಕ್ಕೂ ‘ಧ’ಕ್ಕೂ ಇರುವುದು ಒಂದು ಸಣ್ಣ ಸೀಳಿನ ವ್ಯತ್ಯಾಸ. ಅದು ಕಾಣದಿದ್ದರೆ ‘ಧನಲಾಭ’ ಎಂದಿರುವುದನ್ನು ಅಜ್ಜ ‘ದನಲಾಭ’ ಎಂದು ಓದುತ್ತಾರೆ!

ದೊಡ್ಡ ಪರದೆಗೆ ದುಡ್ಡು ಸಾಲದಿದ್ದರೆ ಚಿಕ್ಕದಕ್ಕೆ ಹೋಗಿ. 8.7 ಇಂಚಿನಲ್ಲಿ 1340 ಬೈ 800 ಇದ್ದರೆ ಇಂಚಿಗೆ ಸುಮಾರು 179 ಚುಕ್ಕಿ ಬರುತ್ತದೆ. ಹಗುರ, ಕೈ ನೋಯುವುದಿಲ್ಲ. ಆದರೆ ಮಗು ಪಠ್ಯಪುಸ್ತಕದ ಇಡೀ ಪುಟವನ್ನು ಓದಬೇಕು ಎಂದಾದರೆ 10 ಇಂಚಿಗೆ ಕಡಿಮೆ ಬೇಡ.

ಅಂಕಿಗಳ ಜಾಹೀರಾತು

ಇನ್ನು ಜಾಹೀರಾತಿನ ಅಂಕಿಗಳು. “12 ಜಿಬಿ ರ‍್ಯಾಮ್” ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಕೆಳಗೆ ಇರುವೆ ಸಾಲಿನಂತೆ “4+8” ಎಂದಿರುತ್ತದೆ. ನಿಜವಾದ ರ‍್ಯಾಮ್ 4 ಮಾತ್ರ. ಉಳಿದ 8 ಸಂಗ್ರಹದ ಜಾಗವನ್ನೇ ಎರವಲು ಪಡೆದದ್ದು, ಅದು ಅಷ್ಟು ವೇಗವಾಗಿ ಓಡುವುದಿಲ್ಲ. ಇಂದಿನ ದಿನಕ್ಕೆ ನಿಜವಾದ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಇಲ್ಲದ ಟ್ಯಾಬನ್ನು ಮನೆಗೆ ತರಬೇಡಿ. 64ರಲ್ಲಿ ಒಂದು ಪಾಲನ್ನು ಯಂತ್ರವೇ ತಿಂದುಹಾಕುತ್ತದೆ. ಆದ್ದರಿಂದ ಮೆಮೊರಿ ಕಾರ್ಡಿಗೆ ಜಾಗ ಇದೆಯೇ ನೋಡಿ. ಬ್ಯಾಟರಿ ಎಂಟು ಇಂಚಿನದಕ್ಕೆ 5000, ಹತ್ತರದಕ್ಕೆ 7000 ಎಂಎಎಚ್ ಆಸುಪಾಸು ಇರಲಿ.

ಸಿನಿಮಾ ನೋಡುವ ಮನೆಯಾದರೆ ಅಂಗಡಿಯವನನ್ನು ಕೇಳಿ: “ವೈಡ್‌ವೈನ್ ಎಲ್1 ಇದೆಯೇನಪ್ಪಾ?” ಚಿತ್ರ ಕಳ್ಳಸಾಗಣೆ ಆಗದಂತೆ ಕಾಯುವ ಬೀಗದ ಹೆಸರದು. ಎಲ್3 ಇದ್ದರೆ ನೆಟ್‌ಫ್ಲಿಕ್ಸ್, ಪ್ರೈಮ್ ಮುಂತಾದವು ಮಸುಕು ಚಿತ್ರವನ್ನೇ ಕೊಡುತ್ತವೆ, ಪರದೆ ಎಷ್ಟೇ ಚೆನ್ನಾಗಿದ್ದರೂ.

ಮನೆಯಲ್ಲಿ ವೈಫೈ ಇದ್ದರೆ ಸಿಮ್ ಹಾಕುವ ಮಾದರಿ ಬೇಕಿಲ್ಲ. ಇಲ್ಲದಿದ್ದರೂ ಫೋನಿನ ಹಾಟ್‌ಸ್ಪಾಟ್ ಸಾಕು. ಆದರೆ ಫೋನ್ ಹಿಡಿದು ನೀವು ಕೆಲಸಕ್ಕೆ ಹೋದ ಮೇಲೆ ಮನೆಯವರಿಗೆ ಇಂಟರ್‌ನೆಟ್ ಇರುವುದಿಲ್ಲ! ಅಂಥ ಮನೆಗೆ ಸಿಮ್ ಮಾದರಿಯೇ ಸರಿ, ಎರಡು ಕಾಸು ಹೆಚ್ಚಾದರೂ.

ಅಂಗಡಿಯಲ್ಲಿ ಕನ್ನಡದ ಪರೀಕ್ಷೆ

ಈಗ ಮುಖ್ಯ ವಿಷಯ. ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟ ಟ್ಯಾಬನ್ನು ಕೈಗೆ ತೆಗೆದುಕೊಳ್ಳಿ. ಮೊದಲು ಸೆಟ್ಟಿಂಗ್ಸಿಗೆ ಹೋಗಿ ಭಾಷೆಯನ್ನು ಕನ್ನಡ ಮಾಡಿ. ಕೆಲವುದರಲ್ಲಿ ಇಡೀ ಪಟ್ಟಿ ಕನ್ನಡವಾಗುತ್ತದೆ, ಕೆಲವುದರಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಎರಡನೆಯದು, ಕೀಲಿಮಣೆ. ಗೂಗಲ್ ಕೀಲಿಮಣೆಯಲ್ಲಿ ಕನ್ನಡ ಇದೆ. ಬೆರಳಿನಿಂದ ಪರದೆಯ ಮೇಲೆ ಬರೆದರೂ ಅದು ಅಕ್ಷರವಾಗುತ್ತದೆ. 2017ರಿಂದ ಕನ್ನಡದಲ್ಲಿ ಮಾತಾಡಿದರೂ ಟೈಪಾಗುತ್ತದೆ. ಅಮ್ಮನ ಕೈಗೆ ಕೊಟ್ಟು “ಒಂದು ಮಾತು ಹೇಳಮ್ಮ” ಅನ್ನಿ. ಅವರ ಮಾತು ಅಕ್ಷರವಾಗಿ ಮೂಡಿದಾಗ ಅವರ ಮುಖ ನೋಡಿ. ಜಾಹೀರಾತಿನ ಯಾವ ಅಂಕಿಯಲ್ಲೂ ಅದು ಬರೆದಿರುವುದಿಲ್ಲ.

ಮೂರನೆಯದು, ಓದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಶಾಲಾ ಪುಸ್ತಕಗಳು ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ಒಂದನ್ನು ತೆರೆಯಿರಿ. ಹಿಗ್ಗಿಸದೆ ಇಡೀ ಪುಟದ ಒತ್ತಕ್ಷರ ಓದಲು ಬರುತ್ತದೆಯೇ? ಪುಟ ತಿರುಗಿಸಿದರೆ ತಡವರಿಸುತ್ತದೆಯೇ? ಕನ್ನಡ ವಿಕಿಪೀಡಿಯದ ಒಂದು ಪುಟವನ್ನೂ ನೋಡಿಬಿಡಿ.

ಇನ್ನೊಂದು ಸಂಗತಿ. ನಿಮ್ಮ ಹಳೆಯ ನುಡಿ ಅಥವಾ ಬರಹ ಫಾಂಟಿನ ಕಡತಗಳು ಟ್ಯಾಬಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣಬಹುದು. ಟ್ಯಾಬನ್ನು ಬೈಯಬೇಡಿ. ಆ ಕಡತಗಳು ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟವು. ಕನ್ನಡಕ್ಕೆ ಸ್ವಂತ ಮನೆ 1991ರಲ್ಲೇ ಯೂನಿಕೋಡಿನಲ್ಲಿ ಸಿಕ್ಕಿದೆ. ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಮುಂದೆ ಬರೆಯುವುದನ್ನಾದರೂ ಯೂನಿಕೋಡಿನಲ್ಲೇ ಬರೆಯಿರಿ.

ಬಿಲ್ಲು ಕೈಗೆ ಬರಲಿ

ಡಬ್ಬಿಯ ಮೇಲೆ ಬಿಐಎಸ್ ಗುರುತು, ಅದರೊಂದಿಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ಫುಟ್‌ಪಾತಿನ ಹೆಸರಿಲ್ಲದ ಮಾಲಿನ ಬಣ್ಣ ಅಲ್ಲೇ ಬಯಲಾಗುತ್ತದೆ. ಸೆಟ್ಟಿಂಗ್ಸಿನಲ್ಲಿ ಸುರಕ್ಷತಾ ಅಪ್‌ಡೇಟಿನ ದಿನಾಂಕ ನೋಡಿ. ಅದು ವರ್ಷದ ಹಿಂದೆಯೇ ನಿಂತಿದ್ದರೆ ಕಂಪನಿ ಆ ಮಾದರಿಯ ಕೈಬಿಟ್ಟಿದೆ ಎಂದು ತಿಳಿಯಿರಿ. ಸರ್ವಿಸ್ ಸೆಂಟರ್ ನಿಮ್ಮ ಊರಲ್ಲೇ ಇದೆಯೇ ವಿಚಾರಿಸಿ. ಜಿಎಸ್‌ಟಿ ಬಿಲ್ಲು ಇಲ್ಲದೆ ಅಂಗಡಿಯ ಮೆಟ್ಟಿಲು ಇಳಿಯಬೇಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ದೂರು ಕೊಡಬಹುದು. ಕನ್ನಡದಲ್ಲೇ ಕೊಡಿ. ಬಳಸದ ಹಕ್ಕು ಬೀರುವಿನಲ್ಲಿಟ್ಟ ಸೀರೆಯಂತೆ, ಮಡಿಕೆಯಲ್ಲೇ ಹರಿದುಹೋಗುತ್ತದೆ.

ಮನೆಗೆ ತಂದ ಮೇಲೆ ಎರಡು ಕೆಲಸ. ಟ್ಯಾಬಿನಲ್ಲಿ ಬೇರೆ ಬೇರೆ ಬಳಕೆದಾರರ ಖಾತೆ ಮಾಡಲು ಬರುವುದಾದರೆ ಅಮ್ಮನದೊಂದು, ಮಗುವಿನದೊಂದು ಮಾಡಿಕೊಡಿ. ಮಗುವಿನ ಖಾತೆಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ ದಿನಕ್ಕೆ ಇಷ್ಟೇ ಹೊತ್ತು ಎಂದು ಕಟ್ಟು ಮಾಡಿ. ಎಲ್ಲರೂ ಮುಟ್ಟುವ ಯಂತ್ರದಲ್ಲಿ ಬ್ಯಾಂಕಿನ ಆ್ಯಪ್ ಬೇಡವೇ ಬೇಡ.

ಟ್ಯಾಬ್ ಬಂತೆಂದು ಪುಸ್ತಕ ಬಿಡಬೇಡಿ ಎಂದೂ ಹೇಳುತ್ತೇನೆ. “ಪ್ರೆಸ್ಸಿನವನು, ಹಾಗೇ ಹೇಳ್ತಾನೆ” ಎಂದು ನೀವು ನಗಬಹುದು, ನಗಿ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟ್ ಹೋಗಿ, ಟ್ಯಾಬಿನ ಚಾರ್ಜೂ ಮುಗಿದರೆ ಮೇಣದ ಬತ್ತಿಗೆ ಜೊತೆಯಾಗುವುದು ಪುಸ್ತಕವೇ.

ಅಂಗಡಿಯ ಹುಡುಗ “ಕನ್ನಡ ಎಲ್ಲಾ ಯಾಕೆ ಸಾರ್, ಎಲ್ಲರೂ ಇಂಗ್ಲಿಷಲ್ಲೇ ಬಳಸ್ತಾರೆ” ಎನ್ನಬಹುದು. ಅವನ ಮೇಲೆ ರೇಗಬೇಡಿ. ಅವನೂ ನಮ್ಮವನೇ, ಕೇಳುವವರಿಲ್ಲದೆ ಹಾಗಾಗಿದ್ದಾನೆ. “ಬಳಸೋರು ನಮ್ಮಮ್ಮ ಕಣಪ್ಪಾ, ಅವರ ಭಾಷೇಲಿ ತೋರಿಸು” ಅನ್ನಿ. ದಿನಕ್ಕೆ ಹತ್ತು ಜನ ಹೀಗೆ ಕೇಳಿದರೆ ಮಾರುವವನು ಕಲಿಯುತ್ತಾನೆ, ಮಾಡುವವನಿಗೂ ಸುದ್ದಿ ಮುಟ್ಟುತ್ತದೆ.

ಈ ಭಾನುವಾರ ಅಂಗಡಿಗೆ ಹೊರಟರೆ ಗೆಳೆಯನನ್ನು ಕರೆದೊಯ್ಯಬೇಡಿ, ಅಮ್ಮನನ್ನು ಕರೆದೊಯ್ಯಿರಿ. ಅವರ ಕನ್ನಡಕ ಮರೆಯಬೇಡಿ.