ಹಸುವಿನ ಲೆಕ್ಕ ಕುದುರೆಗೆ ಹಾಕಬೇಡಿ

ಬೆಳಿಗ್ಗೆ ಐದೂವರೆ. ನಮ್ಮನೆಯಲ್ಲಿ ಎಲ್ಲರಿಗಿಂತ ಮೊದಲು ಬಾಗಿಲು ತೆಗೆದು ಹೊರಗೆ ಹೋಗೋನು ನನ್ನ 6 ವರ್ಷದ ಮಗ. ಕೈಯಲ್ಲಿ ಟಾರ್ಚು, ಕಾಲಿಗೆ ಅಕ್ಕನ ಹಳೇ ಗಂಬೂಟು. ಲಾಯದ ಹತ್ತಿರ ಹೋಗ್ತಾ ದೂರದಿಂದಲೇ "ಕೆಂಪೀ" ಅಂತ ಒಂದು ಸಲ ಕೂಗ್ತಾನೆ. ಆಮೇಲೆ ಒಂದೊಂದೇ ಕುದುರೆಯ ಜಾಗ ನೋಡ್ಕೊಂಡು ಬಂದು ನನಗೆ ವರದಿ ಕೊಡ್ತಾನೆ. "ಕೆಂಪಿ ನಾಲ್ಕು, ತಾತ ಐದು, ಚುಕ್ಕಿ ನಾಲ್ಕು, ಬೆಲ್ಲ ಮೂರು." ಅವನು ಎಣಿಸೋದು ಲದ್ದಿ. ರಾತ್ರಿ ಯಾವ ಕುದುರೆ ಎಷ್ಟು ಸಲ ಲದ್ದಿ ಹಾಕಿದೆ ಅನ್ನೋ ಲೆಕ್ಕ.

ಕುಣಿಗಲ್ ಕಡೆ ನಮ್ಮದೊಂದು ಸಣ್ಣ ತೋಟ. ಕುಣಿಗಲ್ ಅಂದ ತಕ್ಷಣ ನಿಮಗೆ ಅಲ್ಲಿನ ಕುದುರೆ ಫಾರಂ ನೆನಪಾಗಬಹುದು. ಹೈದರಾಲಿ, ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಜಾಗ, ಆಮೇಲೆ ರೇಸ್ ಕುದುರೆಗಳನ್ನ ಬೆಳೆಸಿದ ಜಾಗ, 400 ಎಕರೆಗೂ ಮಿಕ್ಕಿದ್ದು. ನಮ್ಮದು ಅದಲ್ಲ. ನಮ್ಮದು ಮೂರು ಎಕರೆ, ನಾಲ್ಕು ಕುದುರೆ, ಎರಡು ಹಸು, ಒಂದಷ್ಟು ಕೋಳಿ, ಒಂದು ನಾಯಿ. ಮನೆಯಲ್ಲಿ ನಾನು, ನಮ್ಮನೆಯವರು, ಅತ್ತೆ, 11 ವರ್ಷದ ಮಗಳು, ಈ ಮಗ.

ಕೆಂಪಿ ಹೆಣ್ಣು ಕುದುರೆ, ಮಾರ್ವಾಡಿ ತಳಿ. ಕಿವಿ ಎರಡೂ ಒಳಕ್ಕೆ ಬಾಗಿ ತುದಿಗೆ ತುದಿ ತಾಗುತ್ತೆ. ಬೆಲ್ಲ ಅದರ ಮರಿ. ಚುಕ್ಕಿ ಒಂದು ಪೋನಿ. ತಾತ ಅಂದ್ರೆ ರೇಸಿನಿಂದ ನಿವೃತ್ತನಾಗಿ ಬಂದ ಮುದಿ ಕುದುರೆ. ಹೆಸರಿಟ್ಟಿದ್ದು ಮಕ್ಕಳು.

ಎಷ್ಟೋ ಜನ ನಮ್ಮನ್ನ ಕೇಳ್ತಾರೆ, "ನಾವೂ ಮಕ್ಕಳಿಗೆ ಅಂತ ಒಂದು ಕುದುರೆ ತಂದು ಕಟ್ಟೋಣ ಅಂತಿದೀವಿ, ಹಟ್ಟಿ ಹೇಗೂ ಇದೆ, ಹಸು ಸಾಕಿ ಅಭ್ಯಾಸ ಇದೆ, ಸಾಲದಾ?" ಸಾಲೋದಿಲ್ಲ. ಹಸು ಸಾಕಿದ ಅನುಭವ ದೊಡ್ಡದು, ಅದನ್ನ ನಾನು ತಳ್ಳಿಹಾಕ್ತಿಲ್ಲ. ನಮ್ಮತ್ತೆ ಐವತ್ತು ವರ್ಷ ಹಟ್ಟಿ ನೋಡ್ಕೊಂಡವರು. ಹಸುವಿನ ಮೂಗು ಮುಟ್ಟಿ ಅದಕ್ಕೆ ಜ್ವರ ಇದೆಯಾ ಅಂತ ಹೇಳ್ತಾರೆ. ಆದರೆ ಅದೇ ಲೆಕ್ಕ ಕುದುರೆಗೆ ಹಾಕಿದರೆ ಅಪಾಯ. ನಮ್ಮ ಮಕ್ಕಳು ಕುದುರೆಯನ್ನ ನಮಗಿಂತ ಬೇಗ ಕಲಿತರು. ಅವರ ತಲೆಯಲ್ಲಿ ಹಸುವಿನ ಲೆಕ್ಕ ಇನ್ನೂ ಕೂತಿರಲಿಲ್ಲ ಅಷ್ಟೇ.

ಹೊಟ್ಟೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಕುದುರೆ ಇರೋ ಮನೆ ನಡೆಯೋದೇ ಕುದುರೆಯ ಹೊಟ್ಟೆ ಮೇಲೆ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲನೇ ಕೋಣೆಯಲ್ಲೇ 100 ಲೀಟರಿಗಿಂತ ಹೆಚ್ಚು ಹಿಡಿಯುತ್ತೆ. ಗಬಗಬ ಮೇದು, ತುಂಬಿಸ್ಕೊಂಡು, ಮರದ ಕೆಳಗೆ ಮಲಗಿ ಮೆಲುಕು ಹಾಕುತ್ತೆ. ಕುದುರೆಗೆ ಮೆಲುಕು ಇಲ್ಲ. ಅಷ್ಟು ದೊಡ್ಡ ಪ್ರಾಣಿಯ ಹೊಟ್ಟೆ ಹಿಡಿಯೋದು 8ರಿಂದ 15 ಲೀಟರು. ನಮ್ಮ ಬಚ್ಚಲುಮನೆಯ ಒಂದು ಬಕೆಟ್ಟು! ಹುಲ್ಲಿನ ನಾರನ್ನ ಕರಗಿಸೋ ಕೆಲಸ ನಡೆಯೋದು ಅದರಾಚೆ, ಹಿಂದುಗಡೆ ದೊಡ್ಡ ಕರುಳಲ್ಲಿ.

ಅದಕ್ಕೇ ಕುದುರೆ ದಿನಕ್ಕೆ ಹದಿನೈದು ಹದಿನಾರು ಗಂಟೆ ಸ್ವಲ್ಪ ಸ್ವಲ್ಪವೇ ಮೇಯ್ತಾ ಇರಬೇಕು. ಅದರ ಹೊಟ್ಟೆಯಲ್ಲಿ ಆಮ್ಲ ಊಟ ಇರಲಿ ಬಿಡಲಿ ಊರ್ತಾನೇ ಇರುತ್ತೆ. ಆ ಆಮ್ಲವನ್ನ ತಣಿಸೋದು ಜೊಲ್ಲು. ಜೊಲ್ಲು ಬರೋದು ಅಗಿದಾಗ ಮಾತ್ರ. ಹಸುವಿನ ಹಾಗೆ ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ ಹಾಕಿ ಮಧ್ಯೆ ಖಾಲಿ ಕಟ್ಟಿಹಾಕಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತೆ. ಹೊಟ್ಟೆಯ ಉರಿ, ಬೇಸರ ಎರಡೂ ಸೇರಿ ಬಾಗಿಲು, ಗೂಟ ಕಡಿಯೋದಕ್ಕೆ ಶುರು ಮಾಡುತ್ತೆ. ಜನ ಅದಕ್ಕೆ "ತುಂಟ ಕುದುರೆ" ಅಂತಾರೆ. ತುಂಟತನ ಅಲ್ಲ ಅದು, ಹಸಿವು.

ದೇಹದ ತೂಕದ ನೂರಕ್ಕೆ ಎರಡು ಭಾಗ ಒಣ ಮೇವು ಅಂತ ಲೆಕ್ಕ. 350 ಕಿಲೋ ಕುದುರೆಗೆ 7 ಕಿಲೋ. ಅದನ್ನ ನಾಲ್ಕೈದು ಪಾಲು ಮಾಡಿ ಹಾಕ್ತೀವಿ, ರಾತ್ರಿ ಪಾಲೇ ದೊಡ್ಡದು. ಶಾಲೆಯಿಂದ ಬಂದ ಮೇಲೆ ತೂಕ ಮಾಡೋ ಕೆಲಸ ಮಗಳದು. ಲಾಯದ ತೊಲೆಗೆ ಒಂದು ತೂಗುತಕ್ಕಡಿ ನೇತುಹಾಕಿದೀವಿ. ನಮ್ಮ ಕಡೆ ರಾಗಿ ಹುಲ್ಲು ಬೇಕಾದಷ್ಟು ಸಿಗುತ್ತೆ, ಆದರೆ ಅದೊಂದನ್ನೇ ಹಾಕಿದರೆ ಒರಟು ನಾರು ಕರುಳಲ್ಲಿ ಕಟ್ಟಿಕೊಳ್ಳಬಹುದು. ಅದಕ್ಕೆ ಒಳ್ಳೆ ಒಣಹುಲ್ಲು ಮುಖ್ಯ, ಜೊತೆಗೆ ಒಂದು ಹಿಡಿ ಕುದುರೆ ಮಸಾಲೆ ಸೊಪ್ಪು. ಆ ಹೆಸರು ಕೇಳಿದಾಗೆಲ್ಲ ನನಗೆ ಸಂತೋಷ ಆಗುತ್ತೆ. ಬೇರೆಯವರು ಲೂಸರ್ನ್ ಅನ್ನೋ ಸೊಪ್ಪಿಗೆ ಕನ್ನಡದವರು ಕುದುರೆ ಮಸಾಲೆ ಅಂತ ಹೆಸರಿಟ್ಟಿದಾರೆ. ಊಟಕ್ಕೆ ಮಸಾಲೆ ಎಷ್ಟು ಹಾಕಬೇಕೋ ಅಷ್ಟೇ ಹಾಕಬೇಕು ಅನ್ನೋ ಸೂಚನೆ ಹೆಸರಿನಲ್ಲೇ ಕೂತಿದೆ. ಹುರುಳಿ ನೆನೆಸಿ ಬೇಯಿಸಿ ಕೊಡ್ತೀವಿ, ಅದೂ ಅಳತೆಯಲ್ಲಿ.

ಇಲ್ಲೊಂದು ಮಾತನ್ನ ದಯವಿಟ್ಟು ನೆನಪಿಟ್ಕೊಳ್ಳಿ. ಕೋಳಿ ಆಹಾರ, ಕೆಲವು ದನದ ಆಹಾರದಲ್ಲಿ ಮೊನೆನ್ಸಿನ್ ಅನ್ನೋ ಔಷಧಿ ಬೆರೆಸಿರ್ತಾರೆ. ಕೋಳಿಗೆ, ಹಸುವಿಗೆ ಅದು ಒಗ್ಗುತ್ತೆ. ಕುದುರೆಗೆ ವಿಷ, ಸ್ವಲ್ಪವೇ ತಿಂದರೂ ಹೃದಯದ ಸ್ನಾಯು ಹಾಳಾಗುತ್ತೆ. ನಮ್ಮನೆ ಕೋಳಿ ಆಹಾರದ ಡಬ್ಬ ಇರೋದು ಅಡುಗೆಮನೆ ಹಿಂದಿನ ಕೋಣೆಯಲ್ಲಿ, ಲಾಯದಿಂದ ದೂರ, ಚಿಲಕ ಹಾಕಿ. ಕೋಳಿಗೆ ಕಾಳು ಹಾಕೋದು ಮಗ. ಹಾಕಿ ಬಂದ ಮೇಲೆ "ಚಿಲಕ" ಅಂತ ಗಟ್ಟಿಯಾಗಿ ಹೇಳಬೇಕು. ಒಳಗಿರೋರು ಯಾರಾದರೂ "ಕೇಳಿಸ್ತು" ಅನ್ನಬೇಕು. ಅಲ್ಲಿವರೆಗೆ ಅವನು ಆಟಕ್ಕೆ ಹೋಗೋ ಹಾಗಿಲ್ಲ.

ಇನ್ನು ಒದೆತ. ಹಾಲು ಕರೆದವರಿಗೆ ಗೊತ್ತು, ಹಸು ಕಾಲನ್ನ ಮುಂದಕ್ಕೆ ತಂದು ಪಕ್ಕಕ್ಕೆ ಬೀಸುತ್ತೆ. ಅದಕ್ಕೇ ಅತ್ತೆ ಮೊದಮೊದಲು ಕೆಂಪಿಯ ಪಕ್ಕ ಬಿಟ್ಟು ಹಿಂದೆ ಬಂದು ನಿಲ್ಲೋರು. ಐವತ್ತು ವರ್ಷದ ಅಭ್ಯಾಸ. ಕುದುರೆ ಒದೆಯೋದು ನೇರ ಹಿಂದಕ್ಕೆ! ಮಗಳು ಒಂದು ದಿನ ಅಜ್ಜಿಯ ಕೈ ಹಿಡಿದು ಪಕ್ಕಕ್ಕೆ ಕರೆದು ನಿಲ್ಲಿಸಿ, "ಅಜ್ಜಿ, ಇಲ್ಲಿ ನಿಂತ್ರೆ ಕೆಂಪಿಗೆ ನೀವು ಕಾಣ್ತೀರ" ಅಂದಳು. ಕುದುರೆಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ, ಸುತ್ತಲೂ ಹೆಚ್ಚುಕಡಿಮೆ 350 ಡಿಗ್ರಿ ನೋಡುತ್ತೆ. ಕಾಣದೇ ಇರೋದು ಎರಡೇ ಜಾಗ. ಒಂದು ಬಾಲದ ಹಿಂದೆ, ಇನ್ನೊಂದು ಮೂಗಿನ ನೇರಕ್ಕೆ, ಬಾಯಿ ಹತ್ತಿರ. ಅದಕ್ಕೇ ಮಗ ಮೊದಲು ಹೆಸರು ಕೂಗಿ ಆಮೇಲೆ ಹತ್ತಿರ ಹೋಗೋದು. ಅದಕ್ಕೇ ಕ್ಯಾರೆಟ್ ಕೊಡುವಾಗ ಬೆರಳು ಮಡಿಸದೆ ಅಂಗೈ ಚಪ್ಪಟೆ ಮಾಡಿ ಹಿಡಿಯೋದು. ಬಾಯಿ ಮುಂದೆ ಇರೋದು ಬೆರಳಾ, ಕ್ಯಾರೆಟ್ಟಾ ಅನ್ನೋದು ಕುದುರೆಗೆ ಕಾಣೋದಿಲ್ಲ, ತುಟಿ ಮತ್ತು ಮೀಸೆಯಿಂದ ಮುಟ್ಟಿ ತಿಳ್ಕೊಳ್ಳುತ್ತೆ.

ಹಗ್ಗದ ವಿಷಯದಲ್ಲಿ ನಮ್ಮದು ಬಿಗಿ. ಹಸು ಹೊಡ್ಕೊಂಡು ಬರುವಾಗ ಹಗ್ಗವನ್ನ ಕೈಗೆ ಒಂದು ಸುತ್ತು ಸುತ್ತಿಕೊಳ್ಳೋದು ರೂಢಿ. ಕುದುರೆ ಬೆಚ್ಚಿದರೆ ಕ್ಷಣದಲ್ಲಿ ಓಟ ಕೀಳುತ್ತೆ, ಸುತ್ತಿದ ಕೈ ಅದರ ಜೊತೆ ಹೋಗುತ್ತೆ. ಹಗ್ಗ ಮಡಿಸಿ ಹಿಡಿಯಬೇಕು, ಸುತ್ತಬಾರದು. ದೀಪಾವಳಿಯಲ್ಲಂತೂ ಪಟಾಕಿ ಸದ್ದಿಗೆ ಬೆಚ್ಚುತ್ತವೆ ಅಂತ ಮೂರು ದಿನ ನಮ್ಮನೆಯವರು ಲಾಯದ ಬಾಗಿಲಲ್ಲೇ ಮಲಗ್ತಾರೆ.

ನಿದ್ದೆಯ ಬಗ್ಗೆ ಪಕ್ಕದ ತೋಟದವರು ಎರಡು ಸಲ ಗಾಬರಿಯಾಗಿ ಬಂದಿದ್ರು. ಒಂದು ಸಲ, "ನಿಮ್ಮ ಕುದುರೆ ರಾತ್ರಿಯೆಲ್ಲ ನಿಂತೇ ಇತ್ತು, ಹುಷಾರಿಲ್ವೇನೋ" ಅಂತ. ಇನ್ನೊಂದು ಸಲ, ತಾತ ಎಳೆ ಬಿಸಿಲಲ್ಲಿ ಕಾಲು ಚಾಚಿ ಉದ್ದಕ್ಕೆ ಮಲಗಿದ್ದನ್ನ ನೋಡಿ, ಸತ್ತೇ ಹೋಯ್ತು ಅಂತ. ಎರಡೂ ಸರಿಯಾಗಿಯೇ ಇತ್ತು. ಕುದುರೆಯ ಕಾಲಿನ ಕೀಲು, ನರಗಟ್ಟು ಬೀಗ ಹಾಕಿದ ಹಾಗೆ ನಿಲ್ಲುತ್ತೆ, ಹಾಗಾಗಿ ನಿಂತೇ ತೂಕಡಿಸುತ್ತೆ. ಆದರೆ ಗಾಢ ನಿದ್ದೆಗೆ ಮಲಗಲೇಬೇಕು, ಸ್ವಲ್ಪ ಹೊತ್ತು. ಒಂದು ಮಲಗಿದಾಗ ಇನ್ನೊಂದು ಕಾವಲು ನಿಲ್ಲುತ್ತೆ. ಒಂಟಿ ಕುದುರೆ ತರಬೇಡಿ ಅಂತ ನಾನು ಹೇಳೋದು ಇದಕ್ಕೇ. ಜೊತೆಗೆ ಯಾರೂ ಇಲ್ಲದಿದ್ದರೆ ಅದು ನೆಮ್ಮದಿಯಾಗಿ ನಿದ್ದೆ ಮಾಡೋದು ಕಷ್ಟ.

ಲಾಳ ಕಟ್ಟೋರು ಆರರಿಂದ ಎಂಟು ವಾರಕ್ಕೊಮ್ಮೆ ಬರ್ತಾರೆ, ಗೊರಸು ಉಗುರಿನ ಹಾಗೆ ಬೆಳೀತಾನೇ ಇರುತ್ತೆ. ಎತ್ತಿಗೆ ಲಾಳ ಕಟ್ಟೋದಾದರೆ ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ಗೊರಸಿನ ಸೀಳಿನ ಎರಡು ಪಕ್ಕಕ್ಕೂ ಒಂದೊಂದು ಲಾಳ ಹೊಡೀತಾರೆ. ಕುದುರೆ ನಿಂತೇ ಕಾಲು ಕೊಡಬೇಕು. ಕೊಡೋದನ್ನ ಮರಿಯಿಂದಲೇ ಕಲಿಸಬೇಕು. ಬೆಲ್ಲನ ಕಾಲನ್ನ ದಿನಾ ಸಂಜೆ ಎತ್ತಿ, ನಾಲ್ಕು ಎಣಿಸಿ, ಇಳಿಸೋದು ಮಗಳ ಕೆಲಸ. ಮಗನ ಕೆಲಸ ಮೊಳೆ. ಹಳೇ ಲಾಳ ಕಿತ್ತಾಗ ಬೀಳೋ ಪ್ರತಿ ಮೊಳೆಯನ್ನ ಅಯಸ್ಕಾಂತದಿಂದ ಹುಡುಕಿ ಡಬ್ಬಿಗೆ ಹಾಕಿ ಎಣಿಸ್ತಾನೆ, ಲೆಕ್ಕ ತಾಳೆಯಾಗಬೇಕು. ಧನುರ್ವಾಯುವಿನ ರೋಗಾಣು ಮಣ್ಣಲ್ಲಿ, ಲದ್ದಿಯಲ್ಲಿ ಇರುತ್ತೆ. ಹಸು ಅದನ್ನ ಒಂದಿಷ್ಟು ತಡ್ಕೊಳ್ಳುತ್ತೆ, ಕುದುರೆ ತಡ್ಕೊಳ್ಳೋದಿಲ್ಲ. ಕುದುರೆಗೂ ಮಕ್ಕಳಿಗೂ ಆ ಲಸಿಕೆಯ ತಾರೀಕು ನಮ್ಮನೆ ಒಂದೇ ಕ್ಯಾಲೆಂಡರಿನಲ್ಲಿದೆ.

ಬೆಲ್ಲ ಹುಟ್ಟಿದ ರಾತ್ರಿ ಹೇಳಲೇಬೇಕು. ಹಸುವಿಗೆ ಒಂಬತ್ತು ತಿಂಗಳ ಲೆಕ್ಕ, ಕುದುರೆಗೆ ಹನ್ನೊಂದು. ಸಾಮಾನ್ಯವಾಗಿ ಕುದುರೆ ಮರಿ ಹಾಕೋದು ರಾತ್ರಿ, ಯಾರೂ ಇಲ್ಲದಾಗ. ಮಕ್ಕಳಿಬ್ಬರೂ ಕಿಟಕಿಯ ಹಿಂದೆ ಕಂಬಳಿ ಹೊದ್ದು ಕೂತಿದ್ರು, ಮಾತಿಲ್ಲ. ಮರಿ ಹುಟ್ಟಿ ಒಂದು ಗಂಟೆಯೊಳಗೆ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡೀಬೇಕು, ಮೂರು ಗಂಟೆಯೊಳಗೆ ತಾಯಿಯ ಕಸ ಬೀಳಬೇಕು. ತಪ್ಪಿದರೆ ಡಾಕ್ಟರಿಗೆ ಫೋನು. ಮಗಳು ಗಡಿಯಾರ ಹಿಡ್ಕೊಂಡಿದ್ದಳು. ಬೆಲ್ಲ ಆರು ಸಲ ಬಿದ್ದು, ಏಳನೇ ಸಲ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ನಿಂತಾಗ 48 ನಿಮಿಷ. ಬೆಳಿಗ್ಗೆ ಮಗ ಕೇಳಿದ, "ಅಜ್ಜಿ, ಕೆಂಪಿ ಹಾಲಲ್ಲಿ ಗಿಣ್ಣು ಮಾಡಲ್ವಾ?" ಅತ್ತೆ ಅವನನ್ನ ತೊಡೆ ಮೇಲೆ ಕೂರಿಸ್ಕೊಂಡು ಹೇಳಿದರು. ಹಸುವಿನ ಕೆಚ್ಚಲು ದೊಡ್ಡದು, ಕರು ಕುಡಿದು ಮಿಕ್ಕಿದ್ದು ನಮಗೆ. ಕುದುರೆಗೆ ಇರೋದು ಪುಟ್ಟ ಕೆಚ್ಚಲು, ಒಂದೊಂದು ಹನಿಯೂ ಮರಿಯದೇ. ಅತ್ತೆ ಹೇಳಿದ್ದು ಅಕ್ಷರಶಃ ನಿಜ. ರೋಗ ತಡೆಯೋ ಶಕ್ತಿ ಗರ್ಭದಲ್ಲಿ ಮರಿಗೆ ದಾಟೋದಿಲ್ಲ, ಮೊದಲ ದಿನದ ಆ ಗಿಣ್ಣುಹಾಲಿನಲ್ಲೇ ಸಿಗಬೇಕು. ಈ ಒಂದು ವಿಷಯದಲ್ಲಿ ಹಸು, ಕುದುರೆ ಒಂದೇ.

ಇನ್ನು ಲದ್ದಿ ಲೆಕ್ಕ. ಹೋದ ಸಂಕ್ರಾಂತಿಯ ಮಾತು. ಹಸುಗಳ ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸೋದಕ್ಕೆ ಕರ್ಕೊಂಡು ಹೋಗಿದ್ವಿ. ಮನೆಯಲ್ಲಿದ್ದ ನೆಂಟರೊಬ್ಬರಿಗೆ ಕುದುರೆ ಮೇಲೆ ಪ್ರೀತಿ ಉಕ್ಕಿತು. ಹಸುವಿಗೆ ಹಬ್ಬದ ಹುಗ್ಗಿ ಸಿಕ್ಕಿದೆ, ಇದಕ್ಯಾಕೆ ಇಲ್ಲ ಅಂತ ಅರ್ಧ ಬಕೆಟ್ ಸಿಹಿಹುಗ್ಗಿ ಕೆಂಪಿಯ ಮುಂದೆ ಇಟ್ಟರು. ಅದು ಪೂರ್ತಿ ತಿಂತು.

ರಾತ್ರಿ ಹತ್ತಕ್ಕೆ ಕೆಂಪಿ ಮುಂಗಾಲಿಂದ ನೆಲ ಕೆರೆಯೋದು, ತಿರುಗಿ ಹೊಟ್ಟೆ ನೋಡ್ಕೊಳ್ಳೋದು, ಮಲಗೋದು, ಏಳೋದು. ಇದು ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡೋದಕ್ಕೆ ಆಗೋದಿಲ್ಲ. ಅನ್ನ, ಬೆಲ್ಲ ಒಳಗೆ ಹುಳಿಯಾಗಿ ಗಾಳಿ ತುಂಬಿದರೆ ಮೇಲಿಂದ ಹೊರಗೆ ಬರೋ ದಾರಿಯೇ ಇಲ್ಲ, ಹೊಟ್ಟೆ ಒಡೆಯೋದೂ ಉಂಟು. ಪಕ್ಕದ ತೋಟದ ಹಿರಿಯರು ಓಡಿ ಬಂದ್ರು, ಕೈಯಲ್ಲಿ ಬಿದಿರಿನ ಗೊಟ್ಟ, ಓಂಕಾಳು ಶುಂಠಿ ಕಷಾಯ. ಹಸುವಿನ ಹೊಟ್ಟೆಯುಬ್ಬರಕ್ಕೆ ಆ ಗೊಟ್ಟ ಎಷ್ಟು ಜೀವ ಉಳಿಸಿದೆಯೋ. ಆದರೆ ಕುದುರೆಗೆ ಬಾಯಲ್ಲಿ ಹೊಯ್ದರೆ ಶ್ವಾಸಕೋಶಕ್ಕೆ ಇಳಿಯೋ ಅಪಾಯ. ಅವರಿಗೆ ಇಲ್ಲ ಅನ್ನೋದು ನನಗೆ ಕಷ್ಟವಾಯ್ತು. ಅತ್ತೆಯೇ ಮುಂದೆ ಬಂದು ಹೇಳಿದರು, "ಬೇಡಪ್ಪಾ, ಇದು ಹಸು ಅಲ್ಲ."

ಡಾಕ್ಟರು ಬರೋವರೆಗೆ ಮೇವು ತೆಗೆದಿಟ್ವಿ. ಹೊರಳಾಡದ ಹಾಗೆ ನಮ್ಮನೆಯವರು ನಿಧಾನಕ್ಕೆ ಅಡ್ಡಾಡಿಸಿದರು. ಮಗಳು ದವಡೆಯ ಕೆಳಗೆ ನಾಡಿ ಹಿಡಿದು ಎಣಿಸಿದಳು, ನಿಮಿಷಕ್ಕೆ 60. ಆರಾಮಿದ್ದಾಗ ಅದು 28ರಿಂದ 44ರ ಒಳಗೆ ಇರಬೇಕು. ಡಾಕ್ಟರು ಬಂದು ನೋವಿಗೆ ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಹೊಟ್ಟೆಗೆ ಉದ್ದನೆ ಕೊಳವೆ ಇಳಿಸಿ ಒಳಗಿದ್ದ ಗಾಳಿ, ನೀರು ಹೊರಗೆ ಬಿಟ್ಟರು. ಹೊಟ್ಟೆ ಹಗುರಾಗಿದೆ ಅಂತ ಖಾತ್ರಿಯಾದ ಮೇಲೆ ಅದೇ ಕೊಳವೆಯಲ್ಲಿ ಪ್ಯಾರಾಫಿನ್ ಎಣ್ಣೆ ಹಾಕಿದರು. ಹೋಗುವಾಗ ಹೇಳಿದ್ದು ಎರಡು ಮಾತು. ಒಂದು, ಮೂರು ದಿನ ಗೊರಸು ಮುಟ್ಟಿ ನೋಡಿ, ಬಿಸಿಯಾದರೆ ಫೋನ್ ಮಾಡಿ. ಹೊಟ್ಟೆಯ ಎಡವಟ್ಟು ಗೊರಸಿನ ಒಳಗೆ ಉರಿಯೂತ ತರುತ್ತೆ, ಕುದುರೆ ಜೀವನಪೂರ್ತಿ ಕುಂಟಬಹುದು. ಎರಡು, ಲದ್ದಿ ಬರಬೇಕು.

ಅದೊಂದಕ್ಕೆ ಇಡೀ ಮನೆ ಕಾದಿತ್ತು. ಮಗ ಮಲಗಲಿಲ್ಲ, ಲಾಯದ ಎದುರು ಗೋಣಿಚೀಲದ ಮೇಲೆ ನಾಯಿಗೆ ಒರಗಿ ಕೂತಿದ್ದ. ನಾವೆಲ್ಲ ತೂಕಡಿಸ್ತಿದ್ದಾಗ, ಬೆಳಿಗ್ಗೆ ಐದೂವರೆ ಇರಬೇಕು, ಕೂಗಿದ. "ಅಮ್ಮಾ! ಒಂದು!"

ಹುಗ್ಗಿ ಇಟ್ಟ ನೆಂಟರು ಆ ಕೂಗು ಕೇಳಿ ಜಗಲಿ ಮೇಲೆ ಕೂತು ಅತ್ತುಬಿಟ್ಟರು. ಅತ್ತೆ ಅವರಿಗೆ ಕಾಫಿ ಕೊಟ್ಟು, ಪಕ್ಕದಲ್ಲೇ ಕೂತರು. ಲಾಯದ ಬಾಗಿಲ ಹಿಂದೆ ಮಗ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ. ಗೆರೆ ಎಳೆಯೋದನ್ನ ಅವನು ಇವತ್ತಿಗೂ ಬಿಟ್ಟಿಲ್ಲ.