ಹರ್ಡಿ-ಗರ್ಡಿ ಕಿರುಚಿದರೆ ಹತ್ತಿ ನೋಡಿ

ಹಿಡಿ ತಿರುಗಿಸಿ ನುಡಿಸುವ ಹರ್ಡಿ-ಗರ್ಡಿ ಎಂಬ ತಂತಿವಾದ್ಯದ ಬಗ್ಗೆ ಮಾತಾಡಿದಾಗಲೆಲ್ಲ ನನಗೆ ಒಂದೇ ದೂರು ಬರುತ್ತದೆ. ರಾಕ್ ತಂಡದವರ ವಿಡಿಯೊ ನೋಡಿ ಆಸೆಪಟ್ಟು ತರಿಸಿಕೊಂಡವರಿರಲಿ, ಯುರೋಪಿನಲ್ಲೇ ಇದ್ದು ಕೊಂಡ ನಮ್ಮ ಹುಡುಗರಿರಲಿ, ಎಲ್ಲರದೂ ಒಂದೇ ಮಾತು: "ಸಾರ್, ಫ್ರಾನ್ಸಿನ ಹಳ್ಳಿ ಧಾಟಿ ನುಡಿಸೋಣ ಅಂತ ಕೂತರೆ ಹಳೇ ಬಾಗಿಲು ತೆಗೆದ ಹಾಗೆ ಕೇಳುತ್ತೆ. ವಾದ್ಯ ಕೆಟ್ಟಿದೆಯಾ, ನನಗೇ ಕೈ ಹತ್ತಲ್ವಾ?"

ಎರಡೂ ಅಲ್ಲ. ಹತ್ತಿ ನೋಡಿ.

ಪಿಟೀಲಿನ ಕಮಾನಿನಲ್ಲಿ ಕುದುರೆಯ ಕೂದಲಿದೆ, ಅದು ತಂತಿಗೆ ಮೆತ್ತಗೆ ತಾಗುತ್ತದೆ. ಇಲ್ಲಿ ಕಮಾನಿನ ಕೆಲಸ ಮಾಡುವುದು ಮರದ ಚಕ್ರ. ರಾಳ ಸವರಿದ ಗಟ್ಟಿ ಅಂಚಿಗೆ ಬರೀ ತಂತಿ ಉಜ್ಜಿದರೆ ಕಿರುಚದೆ ಇನ್ನೇನು ಮಾಡೀತು? ಅದಕ್ಕೇ ಚಕ್ರ ತಾಗುವ ಜಾಗದಲ್ಲಿ ತಂತಿಗೆ ಹತ್ತಿ ಸುತ್ತುವುದು. ಗೆಜ್ಜೆವಸ್ತ್ರ ಮಾಡುವವರು ಹತ್ತಿಯನ್ನು ಎಳೆದೆಳೆದು, ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳ್ಳಗೆ ಮಾಡುತ್ತಾರಲ್ಲ, ಅಷ್ಟು ತೆಳ್ಳಗಿರಬೇಕು. ದೀಪದ ಬತ್ತಿಯ ಹಾಗೆ ಹೊಸೆಯಬೇಡಿ. ಆ ಎಳೆಯನ್ನು ತಂತಿಗೆ ತಾಗಿಸಿ ಚಕ್ರವನ್ನು ನಿಧಾನ ತಿರುಗಿಸಿದರೆ ಚಕ್ರವೇ ಅದನ್ನು ಎಳೆದುಕೊಂಡು ಸುತ್ತುತ್ತದೆ. ಹತ್ತಿ ಹೆಚ್ಚಾಯಿತೋ, ಕಂಬಳಿ ಹೊದ್ದು ಹಾಡಿದಂತೆ ದನಿ ಮಂಕು. ಕಡಿಮೆಯಾಯಿತೋ, ಕರ್ಕಶ, ಅದೂ ಮೊದಲು ಮೇಲಿನ ಸ್ವರಗಳಲ್ಲಿ.

ಜನ ಏನು ಮಾಡುತ್ತಾರೆ ಗೊತ್ತೆ? ಕಿರುಚಿದ ತಕ್ಷಣ ಇನ್ನಷ್ಟು ರಾಳ ತಿಕ್ಕುತ್ತಾರೆ. ರಾಳ ಹೆಚ್ಚಾದಷ್ಟೂ ಹತ್ತಿ ಅಂಟಂಟಾಗಿ ಗಂಟು ಕಟ್ಟುತ್ತದೆ, ಗಂಟು ಕಟ್ಟಿದ ಹತ್ತಿ ಮತ್ತೆ ಕಿರುಚುತ್ತದೆ. ಇನ್ನು ಕೆಲವರು ಬಿರಡೆ ತಿರುಗಿಸುತ್ತಾರೆ. ಶ್ರುತಿಗೂ ಇದಕ್ಕೂ ಸಂಬಂಧವಿಲ್ಲ ಮಾರಾಯರೆ! ಹಳೆ ಹತ್ತಿ ಕಿತ್ತು ಹೊಸದು ಸುತ್ತಿ. ಚಕ್ರದ ಅಂಚನ್ನು ಮಾತ್ರ ಬೆರಳಿನಿಂದ ಮುಟ್ಟಬೇಡಿ, ಕೈಯ ಜಿಡ್ಡು ಹತ್ತುತ್ತದೆ.

ಔಷಧದಂಗಡಿಯ ಹತ್ತಿಯೂ ಬೇಡ. ಅದರ ಎಳೆ ಗಿಡ್ಡ, ನಾಲ್ಕು ಸುತ್ತಿಗೆ ಉದುರುತ್ತದೆ. ಬೇಕಾದ್ದು ಉದ್ದ ಎಳೆಯದು. ಫ್ರಾನ್ಸಿನಿಂದ ತಂದ ಹತ್ತಿ ಮುಗಿದಾಗ ನಾನೂ ಪರದಾಡಿದೆ. ಕೊನೆಗೆ ಎಚ್.ಡಿ. ಕೋಟೆಯ ಸ್ನೇಹಿತರೊಬ್ಬರು ತಮ್ಮ ಹೊಲದ ಡಿಸಿಎಚ್-32 ಹತ್ತಿಯನ್ನು ಒಂದು ಹಿಡಿ ಕೊಟ್ಟರು. ಧಾರವಾಡದಲ್ಲಿ ರೂಪಿಸಿದ ತಳಿ, ಜಯಲಕ್ಷ್ಮಿ ಅಂತಲೂ ಕರೆಯುತ್ತಾರೆ. ಬೀಜ ಬಿಡಿಸಿ ಹಿಂಜಿದ ಆ ಒಂದು ಹಿಡಿ ಇನ್ನೂ ಮುಗಿದಿಲ್ಲ.

ಹತ್ತಿಯಿಂದ ಸರಿಹೋಗದ್ದೂ ಒಂದಿದೆ, ಅದನ್ನು ಮುಚ್ಚಿಡಬಾರದು. ಒಂದು ಮಳೆಗಾಲದಲ್ಲಿ ಮಲೆನಾಡಿನ ನೆಂಟರ ಮನೆಗೆ ವಾದ್ಯ ಹೊತ್ತುಕೊಂಡು ಹೋಗಿದ್ದೆ. ಪ್ರತಿ ಸುತ್ತಿಗೂ ದನಿ ಉಬ್ಬಿ ಇಳಿಯಲು ಶುರುವಾಯಿತು. ಮೂರು ದಿನ ಹತ್ತಿ ಕಿತ್ತೆ, ಸುತ್ತಿದೆ. ಆಮೇಲೆ ಹೊಳೆಯಿತು: ಥಂಡಿಗೆ ಮರ ಉಬ್ಬಿ ಚಕ್ರದ ದುಂಡು ತಪ್ಪಿತ್ತು. ಅದು ವಾದ್ಯ ಮಾಡುವವರು ತಿದ್ದಬೇಕಾದ್ದು, ನಿಮ್ಮ ನನ್ನ ಕೈ ಕೆಲಸವಲ್ಲ.

ಧಾಟಿಯ ವಿಷಯಕ್ಕೆ ಸಮಯ ಹೆಚ್ಚು ಉಳಿಸಿಕೊಳ್ಳಲಿಲ್ಲ ನಾನು. ಮಧ್ಯ ಫ್ರಾನ್ಸಿನ ಜೀವಾಳ ಬೂರೆ ಎಂಬ ಕುಣಿತ. ಓವೆರ್ನ್ಯ ಕಡೆಯದು ಮೂರು ಪೆಟ್ಟಿನದು, ಬೆರ್ರಿ ಕಡೆ ಎರಡು ಪೆಟ್ಟಿನದು ಹೆಚ್ಚು. ಆ ಪೆಟ್ಟನ್ನು ಬೆರಳು ಕೊಡುವುದಿಲ್ಲ, ಹಿಡಿ ತಿರುಗಿಸುವ ಬಲಗೈ ಕೊಡುತ್ತದೆ. ಟ್ರೊಂಪೆಟ್ ಎಂಬ ಶ್ರುತಿ ತಂತಿಯ ಕೆಳಗೆ ಅದನ್ನು ಹೊರುವ ಒಂದು ಪುಟ್ಟ ಕುದುರೆ. ಫ್ರೆಂಚರು ಅದಕ್ಕೆ ನಾಯಿ ಅನ್ನುತ್ತಾರೆ. ಪಕ್ಕದ ಇನ್ನೊಂದು ತಂತಿಯ ಹೆಸರು ನೊಣ! ಮಣಿಕಟ್ಟು ಚಟಕ್ಕನೆ ಕೊಂಚ ವೇಗ ಕೊಟ್ಟರೆ ನಾಯಿಯ ಸಡಿಲ ಕಾಲು ಹಲಗೆಗೆ ಬಡಿದು ಝರ್ರ್ ಅನ್ನುತ್ತದೆ. ಕುಣಿಯುವವರು ಹೆಜ್ಜೆ ಇಡುವುದು ಆ ಝರ್ರಿಗೆ. ತಂಬೂರಿಗೆ ದಾರ ತೂರಿಸಿ ಜೀವ ಹಿಡಿಸುವ ನಮಗೆ ಝೇಂಕಾರ ಹೊಸದಲ್ಲ. ಆದರೆ ತಂಬೂರಿಯದು ಸದಾ ಹರಿಯುವಂಥದ್ದು, ಇದು ಬೇಕಾದಾಗ ಮಾತ್ರ ಬೊಗಳುವಂಥದ್ದು. ಜೋರಾಗಿ ತಿರುಗಿಸಿದರೆ ಚೆನ್ನಾಗಿ ಬೊಗಳುತ್ತದೆ ಅನ್ನುವವರ ಮಾತು ಕೇಳಬೇಡಿ. ಚಕ್ರ ಸಮನಾಗಿ ತಿರುಗುತ್ತಿರಬೇಕು, ಚಟಕು ಅದರ ಮೇಲೆ ಬೀಳಬೇಕು.

ಹೊಸಬರು ಮೊದಲ ತಿಂಗಳು ಟ್ರೊಂಪೆಟ್ ತಂತಿಯನ್ನು ಚಕ್ರದಿಂದ ಎತ್ತಿಡಿ. ಒಂದು ಶ್ರುತಿ ತಂತಿ, ಒಂದು ಸ್ವರದ ತಂತಿ, ಒಂದು ಸಣ್ಣ ಬೂರೆ ಸಾಕು. ನಡುವೆ ಕಿರುಚಿತು ಅಂದರೆ ಬಿರಡೆಗೆ ಕೈ ಹಾಕಬೇಡಿ. ಎಲ್ಲಿ ನೋಡಬೇಕು ಅಂತ ಹೇಳಿದ್ದೇನೆ.